ನೀಲಾಂಬಿಕೆಯ ಒಡಲು ಕಾಯ್ದ ಗೌರಿಯ ಕಥೆ

ಅಕ್ಷತೆ ಕೈಯಲ್ಲಿ ಹಿಡಿದು, ಮನಸ್ಸು ಒಂದು ಕಡೆ ನಿಲ್ಲಿಸಿ ಕೇಳಿರಮ್ಮ.

ಮಲಪ್ರಭೆಯ ದಂಡೆಯ ಊರಲ್ಲಿ ಸಂಗನಬಸಪ್ಪನೆಂಬ ನೇಕಾರನೂ ಅವನ ಹೆಂಡತಿ ನೀಲಾಂಬಿಕೆಯೂ ಕುಪ್ಪಸದ ಖಣ ನೇಯ್ದು ಬಾಳುತ್ತಿದ್ದರು. ಆ ಮನೆಯಲ್ಲಿ ಶ್ರಾವಣ ಶುಕ್ರವಾರಗಳಂದು ಒಡಲಗೌರಿಯ ನೋಂಪಿ. ಅದರ ನೇಮವೇನೆಂದರೆ, ಸೊಸೆಯಾದವಳು ಆರತಿಗೆ ಮುಂಚೆ ತನ್ನ ಮೈಯ ಅಳಲನ್ನು ಮುಚ್ಚಿಡದೆ ಮನೆಯ ಹಿರಿಯಳಿಗೆ ಹೇಳಬೇಕು.

ಮದುವೆಯಾದ ಮರುವರ್ಷ ನೀಲಾಂಬಿಕೆಯ ಹೊಟ್ಟೆ ದಪ್ಪವಾಗಲು, ಓಣಿಯವರು ಬಸುರಿಯೆಂದು ಬಗೆದು ಹಸಿರು ಬಳೆ ತೊಡಿಸಿದರು. ಮುಟ್ಟು ನಿಂತಿಲ್ಲವೆಂಬುದು ಅವಳೊಬ್ಬಳಿಗೇ ಗೊತ್ತು. ಬಂದ ಹಿಗ್ಗನ್ನು ಬಿಟ್ಟುಕೊಡಲಾರದೆ, ಕೇಳಿದ ಅತ್ತೆ ಗುರುಸಿದ್ದವ್ವನಿಗೆ ಎಲ್ಲ ಚೆನ್ನಾಗಿದೆಯೆಂದು ಹೇಳಿ ಆರತಿ ಎತ್ತಿದಳು. ದೇವಿಯೇನೂ ಮುನಿಯಲಿಲ್ಲ, ಮುಚ್ಚಿಟ್ಟದ್ದೇ ಬೆಳೆಯಿತು. ನಾಲ್ಕನೆಯ ಶುಕ್ರವಾರ ಕಿಬ್ಬೊಟ್ಟೆ ಹಿಡಿದುಕೊಂಡು ಮಗ್ಗದ ಬಳಿಯೇ ಕುಸಿದಳು.

ಪೇಟೆಯ ವೈದ್ಯರು ಸ್ಕ್ಯಾನ್ ಮಾಡಿ, ಇದು ಬಸುರಲ್ಲ, ಅಂಡಾಶಯದ ಗಡ್ಡೆ, ಕ್ಯಾನ್ಸರ್ ಇದ್ದೀತು, ಗರ್ಭಕೋಶ ಸಹಿತ ಎಲ್ಲವನ್ನೂ ತೆಗೆಯಬೇಕು ಎಂದರು. ನೀಲಾಂಬಿಕೆ ಗೋಡೆಗೆ ಮುಖ ಮಾಡಿ ಮಲಗಿದಳು. ಗುರುಸಿದ್ದವ್ವ ಪಕ್ಕದಲ್ಲಿ ಕೂತು ಕೈ ಹಿಡಿಯಲು, ಸೊಸೆ ಮುಟ್ಟಿನ ಸಂಗತಿ, ಬಳೆಯ ಸಂಗತಿ ಎಲ್ಲವನ್ನೂ ಹೇಳಿ ಅತ್ತಳು.

"ನನಗ ಹೇಳಿದ್ಯಲ್ಲವ್ವಾ, ದೊಡ್ಡ ಡಾಕ್ಟರ್ ಮುಂದನೂ ಹಿಂಗ ಹೇಳೂಣು, ಏಳು," ಎಂದಳು ಅತ್ತೆ.

ಗುರುಸಿದ್ದವ್ವ ಕರೆದೊಯ್ದ ಕ್ಯಾನ್ಸರ್ ಆಸ್ಪತ್ರೆಯ ವೈದ್ಯೆ ಎಲ್ಲವನ್ನೂ ಕೇಳಿ, ಪರೀಕ್ಷಿಸಿ, ಇದು ಹರೆಯದವರಲ್ಲಿ ಅಪರೂಪಕ್ಕೆ ಕಾಣುವ ಕ್ಯಾನ್ಸರ್, ಔಷಧಕ್ಕೆ ಚೆನ್ನಾಗಿ ಮಣಿಯುತ್ತದೆ, ಒಂದೇ ಬದಿಯಲ್ಲಿರುವುದರಿಂದ ಆ ಅಂಡಾಶಯವನ್ನಷ್ಟೇ ತೆಗೆದು ಇನ್ನೊಂದನ್ನೂ ಗರ್ಭಕೋಶವನ್ನೂ ಉಳಿಸೋಣ ಎಂದರು.

"ಹಂಗ ಉಳಿಸಿದ್ರ ನನ್ನ ಜೀವಕ್ಕ ಕುತ್ತು ಹೆಚ್ಚಾಗೂದಿಲ್ಲೇನ್ರಿ?" ಎಂದು ನೀಲಾಂಬಿಕೆಯೇ ಕೇಳಿದಳು.

"ನಿಮ್ಮ ಗಡ್ಡೆಯಲ್ಲಿ ಇಲ್ಲಮ್ಮ. ಆದರೆ ಆಮೇಲೆ ಕರೆದಾಗಲೆಲ್ಲ ಪರೀಕ್ಷೆಗೆ ಬರಬೇಕು."

ಶಸ್ತ್ರಚಿಕಿತ್ಸೆಯಾಗಿ, ಮೂರು ಸುತ್ತು ಕೀಮೋ ಆಗಿ, ಕೂದಲುದುರಿ, ಬಾಯಿ ಹುಣ್ಣಾಗಲು, ಸಂಗನಬಸಪ್ಪ ಆರಿದ ಅಂಬಲಿಯನ್ನು ಚಮಚದಲ್ಲಿ ಕುಡಿಸಿದನು. ತಿಂಗಳುಗಳು ಕಳೆದು ಕೂದಲು ಚಿಗುರಿತು, ಕೀಮೋದಿಂದ ನಿಂತಿದ್ದ ಮುಟ್ಟೂ ಮರಳಿತು. ಆ ದಿನ ಗುರುಸಿದ್ದವ್ವ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು, ಯಾತಕ್ಕೆಂದು ಕೇಳಿದವರಿಗೆ ನಾಚದೆ ಹೇಳಿದಳು. ನೀಲಾಂಬಿಕೆ ಒಂದು ಪರೀಕ್ಷೆಯನ್ನೂ ತಪ್ಪಿಸಲಿಲ್ಲ. ಮೂರನೆಯ ವರ್ಷ ವೈದ್ಯೆ ಒಪ್ಪಿಗೆ ಕೊಡಲು ಬಸುರಾಗಿ, ಹೆಣ್ಣುಕೂಸನ್ನು ಹೆತ್ತಳು.

ಈ ಕಥೆಯನ್ನು ಹೇಳಿದವರಿಗೂ ಕೇಳಿದವರಿಗೂ ನೀಲಾಂಬಿಕೆಗೆ ದಕ್ಕಿದ್ದೇ ದಕ್ಕಲಿ. ನೋವು ಹೇಳಲು ಬಾಯಿ ಬರಲಿ, ಕೇಳಲು ಪಕ್ಕದಲ್ಲೊಬ್ಬರು ಕೂತಿರಲಿ, ಉಳಿಸಬಲ್ಲ ಕೈ ಹೊತ್ತಿಗೆ ಸಿಗಲಿ. ಕೂಸು ಬಯಸಿದವಳ ಮಡಿಲು ತುಂಬಲಿ, ಬಯಸದವಳ ಆಯಸ್ಸು ತುಂಬಲಿ.