ಎಡಕ್ಕೆ ಹೊಸೆದ ಹಗ್ಗ

ಇದು ನಮ್ಮ ಕಾಲದ್ದಲ್ಲ, ನಮ್ಮ ಅಜ್ಜಂದಿರ ಕಾಲದ್ದೂ ಅಲ್ಲ. ಜಪಾನಿನ ಇಝುಮೊ ಸೀಮೆಯಲ್ಲಿ, ಕಡಲಂಚಿಗೆ ಒಂದು ಊರಿತ್ತು. ಊರು ನಿಂತ ನೆಲ ಮೊದಲು ಅಲ್ಲಿರಲಿಲ್ಲವಂತೆ. ಸೀಮೆ ತೀರ ಇಕ್ಕಟ್ಟಾಯಿತೆಂದು ದೇವರು ಕಡಲಾಚೆಯ ನೆಲದಲ್ಲಿ ಒಂದು ತುಂಡು ಕೊಯ್ದು, ಹಗ್ಗ ಬಿಗಿದು ಎಳೆತಂದು, ಗೂಟಕ್ಕೆ ಕಟ್ಟಿದನಂತೆ.

ಆ ಊರಲ್ಲಿ ನುಯಿ ಎಂಬ ಮುದುಕಿ ಇದ್ದಳು. ಬತ್ತದ ಹುಲ್ಲಿನಿಂದ ಹಗ್ಗ ಹೊಸೆಯುವುದು ಅವಳ ಕೆಲಸ. ದೋಣಿಯ ಹಗ್ಗವನ್ನು ಬಲಕ್ಕೆ ಹೊಸೆಯಬೇಕು, ದೇವರ ಹಗ್ಗವನ್ನು ಎಡಕ್ಕೆ. ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ, ಎಡಕ್ಕೆ ಹೊಸೆದ ಹೊಸ ಹಗ್ಗವನ್ನು ಆ ಗೂಟಕ್ಕೆ ಸುತ್ತಬೇಕು.

ಒಂದು ವರ್ಷ ಮೀನು ರಾಶಿ ರಾಶಿ ಬಂತಂತೆ. ದೋಣಿಗಳಿಗೆ ಹಗ್ಗ ಬೇಕೆಂದು ಊರ ಹಿರಿಯ ಗೊಂಜೊ ಅವಳ ಬಾಗಿಲಲ್ಲೇ ಕೂತ. ದೇವರ ಹಗ್ಗಕ್ಕೆ ಹೊತ್ತು ಸಿಗಲಿಲ್ಲ.

"ದೋಣಿಯದನ್ನೇ ಸುತ್ತಿಬಿಡು ಅಜ್ಜಿ. ಗೂಟಕ್ಕೇನು ಕಣ್ಣಿದೆಯೆ?" ಎಂದ. ನುಯಿ ಸುತ್ತಿಬಿಟ್ಟಳು.

ಮಾರನೆಯ ಬೆಳಗ್ಗೆ ಬಾವಿಯ ನೀರು ಉಪ್ಪಾಗಿತ್ತಂತೆ. ಅದರ ಮಾರನೆಯ ಬೆಳಗ್ಗೆ ಅವಳ ಹೊಸ್ತಿಲಿನಿಂದ ಗೂಟಕ್ಕೆ ಮೂರು ಹೆಜ್ಜೆ ಹೆಚ್ಚಾಗಿತ್ತು. ಗೂಟದ ಈಚೆ ನೆಲ ಸೀಳಿತ್ತು. ಸೀಳಿನೊಳಗೆ ಅಲೆಯ ಸದ್ದು.

"ನೆಲ ಜರುಗಿಲ್ಲ ಅಜ್ಜಿ, ನಿನ್ನ ಹೆಜ್ಜೆ ಸಣ್ಣದಾಗಿದೆ," ಎಂದ ಗೊಂಜೊ. ಊರವರು ನಕ್ಕರು.

ಮೂರನೆಯ ಬೆಳಗ್ಗೆ ಕಡಲ ಮೇಲೆ ಮಂಜು ಕವಿದಿತ್ತಂತೆ. ಮಂಜಿನಾಚೆ ದನಿಗಳು. ಭಾರವಾದದ್ದನ್ನು ಹತ್ತಾರು ಜನ ಸೇರಿ ಎಳೆಯುವಾಗ ಬರುವ ದನಿ. ಊರಿನ ದೋಣಿಗಳೆಲ್ಲ ದಡದಲ್ಲೇ ಇದ್ದವು. ಆಮೇಲೆ ಯಾರೂ ನಗಲಿಲ್ಲ.

"ಇದು ಕಡಲಾಚೆಯವರ ನೆಲ. ವಾಪಸು ಎಳೆದುಕೊಳ್ಳುತ್ತಿದ್ದಾರೆ," ಎಂದಳು ನುಯಿ.

ಅವಳು ಎಡಕ್ಕೆ ಹೊಸೆಯಲು ಕೂತಳಂತೆ. ಗೊಂಜೊನೇ ಹುಲ್ಲು ಬಡಿದು ಮೆದು ಮಾಡಿ ಕೊಟ್ಟ. ಅವಳ ಅಂಗೈ ಸುಲಿದು ಹಗ್ಗ ಕೆಂಪಾಯಿತು. ಹೊಸೆದು ಮುಗಿಸಿ ಒಂದು ತುದಿಯನ್ನು ಗೂಟಕ್ಕೆ ಕಟ್ಟಿದಳು, ಇನ್ನೊಂದನ್ನು ತನ್ನ ನಡುವಿಗೆ.

"ಇಷ್ಟು ಕಾಲ ಎರಡೂ ತುದಿ ನಮ್ಮಲ್ಲೇ ಇದ್ದವು. ಒಂದನ್ನು ಅವರ ಕೈಗೆ ಕೊಟ್ಟು ಬರುತ್ತೇನೆ," ಎಂದಳು.

ತಾನು ಹೋಗುವುದಾಗಿ ಗೊಂಜೊ ಹೇಳಿದನಂತೆ.

"ಬಲಕ್ಕೆ ಹೊಸೆದದ್ದನ್ನು ಸುತ್ತಿದವಳು ನಾನು," ಎಂದು ನುಯಿ ನೀರಿಗಿಳಿದಳು.

ಅರ್ಧ ದಿನ ಹೊಸೆದ ಹಗ್ಗ ಎಷ್ಟು ಉದ್ದವಿದ್ದೀತು? ಆದರೂ ಸಂಜೆಯವರೆಗೆ ಅದು ಗೊಂಜೊನ ಕೈಯಿಂದ ಜಾರುತ್ತಲೇ ಇತ್ತಂತೆ. ಆಮೇಲೆ ನಿಂತಿತು. ಆಚೆಯ ದನಿಗಳೂ ನಿಂತವು. ಹಗ್ಗವನ್ನು ಯಾರೋ ಒಂದು ಸಲ, ಮೆಲ್ಲಗೆ, ಜಗ್ಗಿದರು.

ಬೆಳಗಾದಾಗ ಸೀಳು ಮುಚ್ಚಿತ್ತು. ಬಾವಿಯ ನೀರು ಸಿಹಿಯಾಗಿತ್ತು. ನುಯಿ ಬರಲಿಲ್ಲ.

ಈಗಲೂ ಕೊಯ್ಲು ಮುಗಿದ ಮೇಲೆ ಆ ಊರವರು ಎಡಕ್ಕೆ ಹೊಸೆದ ಹಗ್ಗದ ಒಂದು ತುದಿಯನ್ನು ಕಡಲಿಗೆ ಬಿಟ್ಟು, ಇನ್ನೊಂದನ್ನು ಹಿಡಿದು ಕೂರುತ್ತಾರಂತೆ. ಆಚೆಯಿಂದ ಒಂದು ಸಲ ಜಗ್ಗುವವರೆಗೆ ಯಾರೂ ಮಾತಾಡುವುದಿಲ್ಲ. ಜಗ್ಗಿದ ಮೇಲೆ ಎದ್ದು ಊಟಕ್ಕೆ ಹೋಗುತ್ತಾರೆ. ಜಗ್ಗದಿದ್ದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ.

ಹೋದ ವರ್ಷ ಸ್ವಲ್ಪ ತಡವಾಯಿತಂತೆ.