ಕರಡಿ ಯಾರದು?

ಅಮೆರಿಕ ಆಗಷ್ಟೇ ಸ್ವತಂತ್ರವಾಗಿತ್ತು. ಅಲ್ಲಿನ ಒಂದು ಕಣಿವೆಗೆ ಮಾತ್ರ ಇನ್ನೂ ಒಬ್ಬ ದೊರೆ ಇದ್ದರು, ವಕೀಲ ಜೋಸಾಯ ಪೆಂಡಲ್. ಕಣ್ಣು ಹಾಯಿಸಿದಷ್ಟೂ ಅವರದೇ ನೆಲ.

ಅವರ ಗೇಣಿದಾರಳಾದ ವಿಧವೆ ಪ್ರುಡೆನ್ಸ್ ಚಳಿಗಾಲದ ಊಟಕ್ಕೆಂದು ಒಂದು ಜಿಂಕೆ ಹೊಡೆದಳು. ಪೆಂಡಲ್ ಅವಳನ್ನು ಕೋರ್ಟಿಗೆ ಎಳೆದರು.

“ನನ್ನ ಕಾಡಿನಲ್ಲಿ ಓಡಾಡುವ ಪ್ರಾಣಿಯೆಲ್ಲ ನನ್ನದೇ, ಸ್ವಾಮಿ!” ಎಂದು ನ್ಯಾಯಾಧೀಶರ ಮುಂದೆ ಗುಡುಗಿದರು.

ಪ್ರುಡೆನ್ಸ್ ತಲೆಬಾಗಿದಳು. “ಒಪ್ಪಿದೆ, ಧಣಿ. ಹೋದ ವಾರ ನಿಮ್ಮ ಕರಡಿ ನನ್ನ ಹಸು ತಿಂದಿತು. ಬದಲು ಹಸು ಯಾವಾಗ ಕೊಡ್ತೀರಿ?”

ಹಿಂದೆ ನಿಂತಿದ್ದ ಗೇಣಿದಾರನೊಬ್ಬ ಕೂಗಿದ, “ನನ್ನ ಕುರಿಗಳನ್ನ ನಿಮ್ಮ ತೋಳ ಹೊತ್ತೊಯ್ತು, ಧಣಿ!”

ಪೆಂಡಲ್ ಬೆವೆತರು. “ಕಾಡುಪ್ರಾಣಿಗೆ ಒಡೆಯ ಯಾರ್ರೀ? ಹೊಡೆದವರದೇ ಅದು!”

ನ್ಯಾಯಾಧೀಶರು ತಲೆದೂಗಿದರು. ಜಿಂಕೆ ವಿಧವೆಯ ಮನೆ ಸೇರಿತು. ಸೋಲನ್ನೇ ಕಾಣದ ಆ ಮಹಾ ವಕೀಲರು ಅಂದೂ ಗೆದ್ದರು, ತಮ್ಮ ವಿರುದ್ಧ ತಾವೇ ವಾದಿಸಿ.