ಅರವತ್ತು ಮಕ್ಕಳ ಹೊತ್ತಿಗೆ

ಮಲಪ್ರಭೆಯ ದಡದಲ್ಲಿ ಸಿದ್ಧಲಿಂಗ ಪಂಡಿತರು ಔಷಧಿ ಕೊಡುತ್ತಿದ್ದರು. ಅವರ ಶಿಷ್ಯ ಚೆನ್ನವೀರನಿಗೆ ಒಂದೇ ಹುಚ್ಚು: ಹನ್ನೆರಡು ದಾಟಿದ ಮಕ್ಕಳು ಯಾಕೆ ಉಣ್ಣುವುದಿಲ್ಲ, ಯಾಕೆ ಮಲಗುವುದಿಲ್ಲ, ಯಾಕೆ ಸುಮ್ಮಸುಮ್ಮನೆ ಸಿಡುಕುತ್ತಾರೆ? ಎರಡು ವರ್ಷ ಕೂತು ಅರವತ್ತು ಮಕ್ಕಳ ವಿವರ ಬರೆದಿದ್ದ. ಆ ಹೊತ್ತಿಗೆಯನ್ನು ತಲೆದಿಂಬಿನ ಕೆಳಗಿಟ್ಟೇ ಮಲಗುತ್ತಿದ್ದ.

ಒಂದು ದಿನ ಶಿವಕ್ಕ ತನ್ನ ಮಗಳು ನೀಲವ್ವನನ್ನು ಕರೆತಂದಳು. ಹದಿಮೂರು ವರ್ಷ. ತಿಂಗಳಿಂದ ಊಟ ಬಿಟ್ಟಿದ್ದಳು.

"ಹಸಿವಾಗ್ತದೇನವಾ?" ಚೆನ್ನವೀರ ಹುಡುಗಿಯನ್ನು ಕೇಳಿದ.

"ಇಲ್ರೀ," ಎಂದಳು ಶಿವಕ್ಕ.

"ಹೊಟ್ಟಿ ನೋಯ್ತದೇನು?"

"ಹೌದ್ರೀ," ಎಂದಳು ಶಿವಕ್ಕ.

ಎಲ್ಲ ಬರೆದುಕೊಂಡು ಶುಂಠಿ ಕಷಾಯ ಕೊಟ್ಟ.

ಹದಿನೈದು ದಿನದ ಮೇಲೆ ಶಿವಕ್ಕ ಮಗಳನ್ನು ಹೊತ್ತುಕೊಂಡು ಬಂದಳು. ಹುಡುಗಿಗೆ ನಡೆಯುವ ತ್ರಾಣವಿರಲಿಲ್ಲ. ಚೆನ್ನವೀರ ಹೆದರಿ ಗುರುಗಳ ಬಳಿ ಓಡಿದ.

"ಹಿಂಗ ಬಿಟ್ರ ಹುಡುಗಿ ಉಳಿಯಂಗಿಲ್ರಿ. ಹೊಟ್ಟೀದs ಜಡ್ಡು, ಅಂಗೈ ಹುಣ್ಣಿಗೆ ಕನ್ನಡಿ ಯಾಕಂತ ಕಷಾಯ ಕೊಟ್ಟೆ. ಹತ್ತಲಿಲ್ಲ."

ಪಂಡಿತರು ಹೊರಗೆ ಬಂದು ಶಿವಕ್ಕನ ಕೈಗೆ ಕೊಡ ಕೊಟ್ಟರು. "ಹೊಳಿಯಿಂದ ನೀರು ತಾರವಾ."

"ನಾ ಇಲ್ಲದಿದ್ರ ಇಕೀ ಮಾತs ಆಡಂಗಿಲ್ರೀ."

"ಇರ್ಲಿ, ಹೋಗಿ ಬಾ."

ಪಂಡಿತರು ಹುಡುಗಿಯ ಪಕ್ಕ ಕೂತು ನೆಲನೆಲ್ಲಿಯ ಎಲೆ ಬಿಡಿಸತೊಡಗಿದರು. ಏನೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಅವಳೂ ಒಂದು ಕಡ್ಡಿ ಎತ್ತಿಕೊಂಡಳು.

"ಅಜ್ಜಾರ, ಹಸಿವು ಬಾಳ ಆಗ್ತದ," ಎಂದಳು. "ಆದ್ರ ಉಂಡ್ರ ಮೈಕೈ ತುಂಬಿ ದೊಡ್ಡಾಕಿ ಆಗ್ತೀನಿ. ನಮ್ಮಕ್ಕ ದೊಡ್ಡಾಕಿ ಆದ ತಿಂಗಳs ಗಂಡನ ಮನಿಗೆ ಕಳಿಸಿದ್ರು. ಹಡಿಯೂ ಮುಂದ ಸತ್ಲು."

ಬಾಗಿಲಲ್ಲಿ ನಿಂತಿದ್ದ ಚೆನ್ನವೀರನಿಗೆ ನಾಚಿಕೆಯಾಯಿತು. ಹಸಿವಿಲ್ಲ ಎಂದು ಅವನೇ ಬರೆದಿದ್ದ.

"ಅವ್ವಗ ನೀ ಹೇಳ್ತಿಯೋ, ನಾ ಹೇಳ್ಲೋ?" ಪಂಡಿತರು ಕೇಳಿದರು.

"ನೀವs ಹೇಳ್ರಿ."

ಪಂಡಿತರು ಹೊಳೆಗೆ ಹೋದರು. ಅವರೊಂದಿಗೆ ಮರಳಿದಾಗ ಶಿವಕ್ಕ ಕೊಡವನ್ನು ಅಲ್ಲೇ ಮರೆತು ಬಂದಿದ್ದಳು. ಮಗಳನ್ನು ತಬ್ಬಿಕೊಂಡು ಅತ್ತಳು. "ನೀ ಹ್ಞೂಂ ಅನ್ನೂತನಕ ಮದುವಿ ಮಾತು ಎತ್ತಂಗಿಲ್ಲವಾ. ನಿಮ್ಮಪ್ಪನ್ನ ನಾ ನೋಡ್ಕೋತೀನಿ."

ಆ ಸಂಜೆ ನೀಲವ್ವ ಅರ್ಧ ಬಟ್ಟಲು ಗಂಜಿ ಕುಡಿದಳು.

ಚೆನ್ನವೀರ ಹೊತ್ತಿಗೆಯನ್ನು ಗುರುಗಳ ಮುಂದಿಟ್ಟ. "ಇಷ್ಟು ಮಕ್ಕಳನ್ನ ನೋಡೀನ್ರಿ. ನನಗ ಇದು ಯಾಕ ತಿಳೀಲಿಲ್ಲ?"

ಪಂಡಿತರು ಒಂದೊಂದೇ ಹಾಳೆ ತಿರುವಿ, ಕೊನೆಯವರೆಗೂ ಓದಿದರು.

"ಅರವತ್ತು ಅವ್ವಂದಿರ ಮಾತು ಚಲೋ ಬರಕೊಂಡೀಯಪಾ. ಮಕ್ಕಳದು ಯಾವಾಗ ಶುರು ಮಾಡ್ತಿ?"